ಒಂದೇ ಸೀಟಿನಲ್ಲಿ ಇಬ್ಬರು

ಮೊನ್ನೆ ಹರಿಹರದ ನಮ್ಮ ಮನೆಯಲ್ಲಿ ಹಳೆಯ ಬೀರು ತೆಗೆದೆ ನೋಡಿ, ನುಸಿಗುಳಿಗೆಯ ವಾಸನೆ ಗಪ್ಪನೆ ಬಂತು. ಹೆಂಡತಿ ಮೂಗು ಮುಚ್ಚಿಕೊಂಡಳು. ನನಗೆ ಮಾತ್ರ ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ಒಂದು ಕೋಣೆ ನೆನಪಾಯಿತು.

ಅದು ನನ್ನ ಕೆಮಿಸ್ಟ್ರಿ ಮೇಡಂ ಮನೆಯ ಕೋಣೆ. ಬಿ.ಎಸ್ಸಿ.ಯ ಆ ಪೇಪರಿನಲ್ಲಿ ನಾನು ಎರಡು ಸಲ ಡುಮ್ಕಿ ಹೊಡೆದಿದ್ದೆ. ಮೂರನೆಯದೂ ಹೋದರೆ ಓದು ಅಲ್ಲಿಗೇ ಮುಗಿಯಿತು ಎಂದು ಅಪ್ಪ ಹೇಳಿಯಾಗಿತ್ತು. ಹರಿಹರದ ಹತ್ತಿರದ ನಮ್ಮ ಹಳ್ಳಿ ಸಾರಥಿಯಿಂದ ದಿನಾ ಬಸ್ಸಿನಲ್ಲಿ ಕಾಲೇಜಿಗೆ ಓಡಾಡುತ್ತಿದ್ದವನು ನಾನು. ಕೂತವರು ಯಾವಾಗ ಏಳುತ್ತಾರೆಂದು ಸೀಟಿಗೆ ಹಾಕಲು ಕಿಟಕಿಯಾಚೆ ಟವೆಲ್ ಹಿಡಿದು ಕಾಯುತ್ತಿದ್ದವನು. ಬೆಂಜೀನ್ ಉಂಗುರಕ್ಕೂ ಅದೇ ನ್ಯಾಯ ಹಚ್ಚಿದ್ದೆ. ಹೈಡ್ರೋಜನ್ ಎದ್ದು ಹೋಗುತ್ತದೆ, ಖಾಲಿ ಜಾಗದಲ್ಲಿ ನೈಟ್ರೋ ಗುಂಪು ಕೂರುತ್ತದೆ. ಎರಡೂ ಪರೀಕ್ಷೆಯಲ್ಲಿ ಹಾಗೇ ಬರೆದಿದ್ದೆ, ಅದೂ ದುಂಡಗಿನ ಅಕ್ಷರದಲ್ಲಿ.

“ಇದು ಹರಿಹರದ ಬಸ್ಸಲ್ಲಪ್ಪ,” ಎಂದು ನನ್ನ ಉತ್ತರ ನೋಡಿ ಮೇಡಂ ನಕ್ಕರು. “ಇಲ್ಲಿ ಮೊದ್ಲು ಹೊಸಬ ಬಂದು ಕೂರ್ತಾನೆ, ಆಮ್ಯಾಲೆ ಹಳಬ ಇಳೀತಾನೆ. ಮಧ್ಯ ಒಂದು ಗಳಿಗೆ ಇಬ್ರೂ ಒಂದೇ ಸೀಟಿನಾಗೆ!”

“ಇಕ್ಕಟ್ಟಾಗಲ್ವೇನ್ರಿ ಮೇಡಂ?”

“ಆಗ್ತೈತೆ. ಉಂಗುರದ ನೆಮ್ಮದಿನೇ ಹೋಗ್ತೈತೆ. ಅದ್ಕೇ ಆ ಭಾರಾನ ಮೂರು ಇಂಗಾಲ ಹಂಚ್ಕೊಂತಾವೆ. ಅದನ್ನ ಬರೀದೆ ಉತ್ತರಕ್ಕೆ ಹಾರಿದ್ರೆ ಮಾರ್ಕಿಲ್ಲ.”

ಓಡಾಟದಲ್ಲಿ ಓದು ಆಗುವುದಿಲ್ಲವೆಂದು ಮೇಡಂ ಎರಡು ತಿಂಗಳು ತಮ್ಮ ಮನೆಯಲ್ಲೇ ಇರಿಸಿಕೊಂಡರು. ಟ್ರಂಕಿನಿಂದ ನುಸಿಗುಳಿಗೆ ವಾಸನೆಯ ಕಂಬಳಿ ತೆಗೆದುಕೊಟ್ಟರು. ಅವರ ಯಜಮಾನರು ತಮ್ಮ ಕೋಣೆ ಬಿಟ್ಟು ಹಾಲಿಗೆ ಹಾಸಿಗೆ ಒಯ್ದು, “ಇಲ್ಲಿ ಗಾಳಿ ಚಲೋ ಬರ್ತೈತೆ” ಎಂದರು. ಮೇಡಂ ಅತ್ತೆಯವರು ನನ್ನ ಓದಿಗೆಂದು ಸಂಜೆಯ ರೇಡಿಯೊ ನಿಲ್ಲಿಸಿದರು. ಮೇಡಂ ಬೆಳಗ್ಗೆ ಐದಕ್ಕೇ ಎದ್ದು ನನಗೆ ರೊಟ್ಟಿ ತಟ್ಟುತ್ತಿದ್ದರು. ನಾನೋ ಪೆದ್ದ, ಆ ಗಾಳಿಯ ಮಾತನ್ನು ನಂಬಿಬಿಟ್ಟಿದ್ದೆ.

ಪಾಸಾದೆ, ಮೇಷ್ಟ್ರೂ ಆದೆ. ಈಗ ವರ್ಷಾವರ್ಷ ಆ ನಡುವಿನ ಸ್ಥಿತಿಯನ್ನು ಬೋರ್ಡಿನ ಮೇಲೆ ಬರೆಯುತ್ತೇನೆ. ಅದು ಕ್ಷಣಮಾತ್ರ ಇರುತ್ತದೆ, ಆದರೆ ಅದಿಲ್ಲದೆ ಏನೂ ಆಗುವುದಿಲ್ಲ ಎಂದು ಮಕ್ಕಳಿಗೆ ಹೇಳುತ್ತೇನೆ. ನನ್ನ ಕಥೆ ಹೇಳುವಾಗ ಮಾತ್ರ ಸಾರಥಿಯಿಂದ ನೇರ ಮೇಷ್ಟ್ರ ಕುರ್ಚಿಗೆ ಹಾರಿಬಿಡುತ್ತೇನೆ. ಆ ಮೂವರ ಸುದ್ದಿಯೇ ಇಲ್ಲ. ಬೀರಿನ ಮುಂದೆ ನಿಂತವನಿಗೆ ನಾಚಿಕೆಯಾಯಿತು.

ಮರುದಿನವೇ ದಾವಣಗೆರೆ ಬಸ್ ಹತ್ತಿದೆ. ಬಾಗಿಲು ತೆಗೆದ ಮೇಡಂ ತಲೆ ಪೂರಾ ಬೆಳ್ಳಗಾಗಿತ್ತು.

“ಮಧ್ಯದಾಗೆ ನೀವು ಮೂರೂ ಜನ ಇದ್ರಿ ಮೇಡಂ. ಬರೆಯೋದೇ ಬಿಟ್ಟಿದ್ದೆ,” ಎಂದೆ.

ಅವರು ಕನ್ನಡಕ ಸರಿಮಾಡಿಕೊಂಡು ನನ್ನನ್ನೇ ನೋಡಿದರು.

“ತಡವಾಗಿ ಬರ್ದೀಯ, ಅರ್ಧ ಮಾರ್ಕು. ಒಳಗೆ ಬಾ, ರೊಟ್ಟಿ ಬಿಸಿ ಐತೆ.”