ತಿಥಿಯ ಅಕ್ಷರದಲ್ಲಿ ಮದುವೆಯ ಕರೆಯೋಲೆ

ಕುಮಟೆಯ ನಮ್ಮ ಛಾಪಖಾನೆಯಲ್ಲಿ ದೊಡ್ಡ ತಲೆಬರಹಕ್ಕೆ ಇದ್ದದ್ದು ಒಂದೇ ಜಾತಿಯ ಅಚ್ಚುಮೊಳೆ. ದಪ್ಪ, ಕಪ್ಪು, ಗಿಡ್ಡ. ಊಟ ಮುಗಿಸಿ ಜಗಲಿಗೆ ಬಂದು ಕೂತ ಗೃಹಸ್ಥರಂಥ ಅಕ್ಷರಗಳು. ಹುಬ್ಬಳ್ಳಿಯಲ್ಲಿ ಬಾಗಿಲು ಹಾಕಿದ ಯಾವುದೋ ಮುದ್ರಣಾಲಯದಿಂದ ಯಜಮಾನರು ಅವನ್ನು ತಂದಿದ್ದರು. ಅರಮನೆಯ ಆನೆಯ ಕಾಲು ನೋಡಿ ಇವನ್ನು ಕೊರೆದದ್ದು ಎಂದು ಮಾರಿದವನು ಹೇಳಿದ್ದನಂತೆ. ಯಾವ ಅರಮನೆ, ಯಾವ ಆನೆ ಎಂದು ನಾನು ಕೇಳಿದೆ. ಆನೆಯ ವಿಷಯದಲ್ಲಿ ಅಷ್ಟೆಲ್ಲ ವಿಚಾರಿಸಬಾರದು ಎಂದರು.

ನಾನು ಹಗಲು ಶಾಲೆಯಲ್ಲಿ ಮಕ್ಕಳ ತಪ್ಪು ತಿದ್ದಿ, ಸಂಜೆ ಅಲ್ಲಿಗೆ ಹೋಗಿ ಪ್ರೂಫ್ ತಿದ್ದುತ್ತಿದ್ದೆ. ಎರಡು ಪಾಳಿ ತಿದ್ದಿದರೂ ಲೋಕ ಇದ್ದ ಹಾಗೇ ಇತ್ತು.

ಯುದ್ಧದ ಕಾಲ, ಕಾಗದಕ್ಕೆ ಬರ. ಮದುವೆಗೆ ಜನ ಬಾಯಲ್ಲೇ ಕರೆದು ಮುಗಿಸುತ್ತಿದ್ದರು. ಹಿರಿಯರ ವೈಕುಂಠ ಸಮಾರಾಧನೆಗೆ ಮಾತ್ರ ಹೇಗಾದರೂ ಕಾಗದ ಹೊಂದಿಸಿ ಅಚ್ಚು ಹಾಕಿಸುತ್ತಿದ್ದರು. ಬದುಕಿರುವವರ ಸಿಟ್ಟನ್ನು ಸಮಾಧಾನ ಮಾಡಬಹುದು, ಹೋದವರದ್ದು ಸಾಧ್ಯವಿಲ್ಲವಲ್ಲ. ಹೀಗಾಗಿ ಕೆಲವು ವರ್ಷ ನಮ್ಮ ಆನೆಕಾಲಿನ ಅಕ್ಷರ ಹೊನ್ನಾವರ, ಭಟ್ಕಳದ ತನಕ ಮನೆಮನೆಗೆ ಹೋದದ್ದು ಸಾವಿನ ಸುದ್ದಿ ಹೊತ್ತೇ. ಇದನ್ನು ನಾವು ಯಾರೂ ಗಮನಿಸಿರಲಿಲ್ಲ.

ಅಷ್ಟರಲ್ಲಿ ಯಜಮಾನರ ಒಬ್ಬಳೇ ಮಗಳಿಗೆ ಹೊನ್ನಾವರದಲ್ಲಿ ಗಂಡು ಗೊತ್ತಾಯಿತು. ಛಾಪಖಾನೆಯವರ ಮನೆಯ ಮದುವೆಗೆ ಬಾಯಿಮಾತಿನ ಕರೆ ಸಾಕೇ? ತಮ್ಮ ಭಂಡಾರದಲ್ಲಿದ್ದ ಪರಮ ಭವ್ಯವಾದ ಅಕ್ಷರದಲ್ಲಿ ‘ವಿವಾಹ ಮಹೋತ್ಸವ’ ಎಂದು ಜೋಡಿಸಿ, ಮಾದರಿಗೆಂದು ಒಂದು ಪ್ರತಿಯನ್ನು ಗಂಡಿನ ಮನೆಗೆ ಟಪಾಲಿಗೆ ಹಾಕಿಸಿದರು.

ಅದು ತಲುಪಿದಾಗ ಜಗಲಿಯಲ್ಲಿದ್ದವರು ವರನ ಅಜ್ಜಿ. ಅವರಿಗೆ ಓದು ಬಾರದು. ಸಾವಿನ ಕಾಗದವನ್ನು ಹೊಸ್ತಿಲು ದಾಟಿಸದೆ ಹರಿದು ಹಾಕುವುದು ನಮ್ಮ ಕಡೆಯ ಕ್ರಮ. ಅಜ್ಜಿ ಕಾಗದ ಬಿಚ್ಚಿದರು, ಅಕ್ಷರದ ಮೋರೆ ನೋಡಿದರು, ಹರಿದರು. ಬಾವಿಕಟ್ಟೆಗೆ ಹೋಗಿ ತಣ್ಣೀರು ಹೊಯ್ದುಕೊಂಡು, ಉಳಿದವರೂ ಮೀಯಬೇಕೆಂದು ಅಪ್ಪಣೆ ಮಾಡಿದರು. ಹಿರಿಯರು ಹೇಳಿದ ಮೇಲೆ ಮನೆಮಂದಿಯೆಲ್ಲ ಮಿಂದರು, ಮದುಮಗನೂ ಮಿಂದ. ತಲೆ ಒರೆಸಿಕೊಳ್ಳುವ ಹೊತ್ತಿಗೆ, ಹೋದದ್ದು ಯಾರು ಎಂಬ ಪ್ರಶ್ನೆ ಎದ್ದಿತು. ವರನ ತಂದೆ ಅಂಗಳದಲ್ಲಿದ್ದ ಚೂರುಗಳನ್ನು ಜೋಡಿಸಿ ನೋಡಿದರೆ ಅಲ್ಲಿ ಕಂಡದ್ದು ತಮ್ಮದೇ ಮಗನ ಹೆಸರು, ಹಿಂದೆ ‘ಚಿರಂಜೀವಿ’ ಸಹಿತ.

ಹೊನ್ನಾವರದಿಂದ ವರನ ತಂದೆಯ ಹೇಳಿಕೆ ಬಂತು: ಶಕುನ ಇಷ್ಟು ಕೆಟ್ಟ ಮೇಲೆ ಈ ಸಂಬಂಧವೇ ಬೇಡ ಎಂದು ಅಮ್ಮ ಹಟ ಹಿಡಿದಿದ್ದಾರೆ, ಅವರ ಮಾತು ಮೀರಿ ನಾವು ಮುಂದುವರಿಯಲಾರೆವು.

ಮಗಳು ಅಡಿಗೆಮನೆ ಬಿಟ್ಟು ಹೊರಗೆ ಬರುವುದನ್ನೇ ನಿಲ್ಲಿಸಿದಳು. ಯಜಮಾನರು ಮೊಳೆಯ ಪೆಟ್ಟಿಗೆಯ ಎದುರು ಕೂತು, “ಎಂತ ಮಾಡುವುದು ಮಾಸ್ತರ್ರೇ? ನನ್ನ ಯಂತ್ರವೇ ನನ್ನ ಮಗಳ ಮದುವೆ ಮುರಿಯಿತಲ್ಲ,” ಎಂದರು.

ನನಗೆ ಕನಿಕರಕ್ಕಿಂತ ಕುತೂಹಲವೇ ಜಾಸ್ತಿ ಆಯಿತೆಂದು ಹೇಳಬೇಕು. ಓದಬಲ್ಲ ನಾವೆಲ್ಲ ಇಷ್ಟು ವರ್ಷ ಬರೀ ಮಾತನ್ನು ಓದಿದ್ದೆವು; ಅಕ್ಷರದ ಮುಖವನ್ನು ಓದಿದ್ದು ಆ ಅಜ್ಜಿ ಒಬ್ಬರೇ. ತಪ್ಪು ಹುಡುಗಿಯದಲ್ಲ, ಅಕ್ಷರದ್ದು. ಹಾಗಾದರೆ ಮಂಗಲದ ಅಕ್ಷರ ಯಾವುದೆಂದು ಅವರನ್ನೇ ಕೇಳಿದರಾಯಿತು ಎಂದು ಸಲಹೆ ಕೊಟ್ಟೆ. ಕೈಗೆ ಸಿಕ್ಕ ಅಚ್ಚಿನ ಕಾಗದಗಳನ್ನೆಲ್ಲ ಚೀಲಕ್ಕೆ ತುಂಬಿ, ಇದ್ದಿಲಿನ ಹೊಗೆಯಲ್ಲಿ ಓಡುವ ಬಸ್ಸು ಹತ್ತಿ ಇಬ್ಬರೂ ಹೊನ್ನಾವರಕ್ಕೆ ಹೋದೆವು. ಏರು ಬಂದಲ್ಲಿ ಬಸ್ಸಿಗೆ ನಾವೇ ಸಹಾಯ ಮಾಡಿದೆವು.

ಅಜ್ಜಿ ಸಿಟ್ಟಿನಲ್ಲಿದ್ದರೂ ಕಾಗದದ ರಾಶಿ ಕಂಡದ್ದೇ ಹತ್ತಿರ ಬಂದು ಕೂತರು. ಯಜಮಾನರು ಮೊದಲು ತಮ್ಮ ಆನೆಯ ಕಥೆ ಹೇಳಿ ನೋಡಿದರು.

“ಆನೆಯಂತೆ, ಆನೆ,” ಎಂದರು ಅಜ್ಜಿ. “ಪಿಂಡದ ಎದುರು ಕಾಗೆ ಸಾಲಾಗಿ ಕೂತ ಹಾಗೆ ಕಾಣ್ತದೆ. ನಿಮಗೆ ಕಣ್ಣಿಲ್ಲವೋ?”

ನಾನು ಮತ್ತೊಮ್ಮೆ ನೋಡಿದೆ. ಕಾಗೆಗಳೇ. ಅಂದಿನಿಂದ ಇಂದಿನವರೆಗೆ ನನಗೆ ಅಲ್ಲಿ ಆನೆ ಕಂಡದ್ದಿಲ್ಲ.

ಆಮೇಲೆ ವಿಚಾರಣೆ ನಡೆಯಿತು. ಸರಕಾರದ ಯುದ್ಧ ಪ್ರಕಟಣೆಯ ಚೌಕ ಅಕ್ಷರಗಳನ್ನು ನೋಡಿ, ಇವೆಲ್ಲ ಬೂಟು ಹಾಕಿವೆ, ಮದುವೆಮನೆಯೊಳಗೆ ಹೇಗೆ ಬರುತ್ತವೆ ಎಂದರು. ನಾಟಕದ ಜಾಹೀರಾತಿನ ಓರೆ ಅಕ್ಷರಗಳು ಕುಡಿದಿದ್ದವು. ಭಟ್ಕಳದ ಅತ್ತರಿನ ಅಂಗಡಿಯ ಉರ್ದು ಚೀಟಿಯನ್ನು ತುಂಬ ಹೊತ್ತು ಕೈಯಲ್ಲಿ ಹಿಡಿದಿದ್ದರು. ತೆಂಗಿನಗುಂಡಿಯ ಬಂದರಿನಲ್ಲಿ ಹಾಯಿ ಬಿಚ್ಚಿದ ದೋಣಿಗಳ ಹಾಗೆ ಚಂದ ಇದೆ, ಆದರೆ ಎಲ್ಲ ಎಲ್ಲಿಗೋ ಹೊರಟು ನಿಂತಿವೆ. ಹೆಣ್ಣು ಮನೆಗೆ ಬರಬೇಕು, ಹೋಗಬಾರದು ಎಂದು ಕೆಳಗಿಟ್ಟರು.

ಕೊನೆಗೆ ಒಂದು ಸಣ್ಣ ಚೀಟಿಯನ್ನು ಎತ್ತಿಕೊಂಡರು. ಅದರ ಅಕ್ಷರಗಳ ತುದಿಯೆಲ್ಲ ಸುರುಳಿ, ಸುರುಳಿಯ ತುದಿಗೆ ಒಂದೊಂದು ಹೂವಿನಂಥದ್ದು.

“ಇದು ಮದುವೆಯ ಅಕ್ಷರ. ಸೌತೆಬಳ್ಳಿಯ ಕುಡಿ ಚಪ್ಪರ ಹುಡುಕ್ತಾ ಇದ್ದ ಹಾಗಿದೆ. ಹೀಗೆ ಅಚ್ಚು ಹಾಕಿ ತನ್ನಿ, ಆಮೇಲೆ ನೋಡುವ.”

ಯಜಮಾನರು ನನ್ನ ಮುಖ ನೋಡಿದರು, ನಾನು ವರನ ತಂದೆಯ ಮುಖ ನೋಡಿದೆ, ಅವರು ತೆಂಗಿನಮರ ನೋಡಿದರು. ಓದು ಬರುವ ಮೂವರಿಗೂ ಅದು ಗಜಕರ್ಣದ ತುರಿಕೆಗೆ ಹಚ್ಚುವ ಮುಲಾಮಿನ ಡಬ್ಬಿಯ ಚೀಟಿ ಎಂದು ಗೊತ್ತಿತ್ತು. ಅಕ್ಷರಸ್ಥರು ಅಂದು ಒಮ್ಮತದಿಂದ ಸುಮ್ಮನಿದ್ದರು.

ಅಂಥ ಮೊಳೆ ನಮ್ಮಲ್ಲಿ ಇರಲಿಲ್ಲ. ಗಂಧದ ಪೆಟ್ಟಿಗೆ ಕೆತ್ತುವ ಗುಡಿಗಾರರೊಬ್ಬರು ಅಲ್ಲೇ ಪೇಟೆಯಲ್ಲಿದ್ದರು. ಮೊಳೆಯ ಎತ್ತರದ ಹಲಸಿನ ತುಂಡಿನಲ್ಲಿ ‘ವಿವಾಹ ಮಹೋತ್ಸವ’ ಎಂಬ ಎರಡು ಶಬ್ದ ಕೆತ್ತಿಕೊಡಲು ಒಪ್ಪಿದರು. ಅವರಿಗೆ ಒಂದೇ ತಕರಾರು: ಇದು ಯಾವ ಹೂವು? ಹೆಸರು ಗೊತ್ತಿಲ್ಲದ ಹೂವನ್ನು ಅವರ ಮನೆತನದಲ್ಲಿ ಯಾರೂ ಕೆತ್ತಿದ್ದಿಲ್ಲವಂತೆ. ಯಜಮಾನರು ದಾಸವಾಳ ಎಂದರು, ನಾನು ಸುರಗಿ ಎಂದೆ. ಚೀಟಿ ಬರೆದ ಪುಣ್ಯಾತ್ಮ ಏನು ನೋಡಿ ಬರೆದನೋ, ಮುಲಾಮು ಹಚ್ಚಿದ ಜಾಗವನ್ನೇ ನೋಡಿ ಬರೆದನೋ ಎಂಬ ಸಂಶಯವೂ ನನಗೆ ಬಂತು, ಹೊರಗೆ ಹೇಳಲಿಲ್ಲ. ಮತ್ತೆ ಅಜ್ಜಿಯ ಬಳಿಗೇ ಹೋಗಿ ಕೇಳಬೇಕಾಯಿತು. ಭಟ್ಕಳದ ಮಲ್ಲಿಗೆಯ ಮೊಗ್ಗು, ಇನ್ನೆಂತ, ಎಂದರು. ಗುಡಿಗಾರರು ಚೀಟಿಯನ್ನು ಬದಿಗೆ ಸರಿಸಿ, ಅಂಗಡಿಯಿಂದ ಒಂದು ಮಾಲೆ ತರಿಸಿ ಎದುರಿಗಿಟ್ಟುಕೊಂಡು ಉಳಿ ಹಿಡಿದರು.

ಹೊಸ ಕರೆಯೋಲೆಯನ್ನು ಟಪಾಲಿಗೆ ಹಾಕುವ ಧೈರ್ಯ ಯಾರಿಗೂ ಇರಲಿಲ್ಲ. ಯಜಮಾನರು ತಾವೇ ಒಯ್ದರು. ಸಾಕ್ಷಿಗೆ ನನ್ನನ್ನೂ ಕರೆದುಕೊಂಡರು. ಅಜ್ಜಿ ಅದನ್ನು ಕೈಯಳತೆ ದೂರ ಹಿಡಿದರು, ಹತ್ತಿರ ತಂದರು, ಮೊಗ್ಗುಗಳ ಮೇಲೆ ಬೆರಳಾಡಿಸಿದರು. ಅಜ್ಜಿ ಒಳಗಿನವರನ್ನು ಕೂಗಿ ಅರಿಸಿನ ಕುಂಕುಮ ತರಿಸಿದರು, ಮೂಲೆಮೂಲೆಗೆ ಹಚ್ಚಿದರು. ಯಜಮಾನರು ಕಂಬಕ್ಕೆ ಒರಗಿ ಕಣ್ಣು ಒರೆಸಿಕೊಂಡರು.

ಕಾಗದ ಹಿಡಿದು ಹೊಸ್ತಿಲ ಹತ್ತಿರ ಹೋದ ಅಜ್ಜಿ ನಿಂತು ತಿರುಗಿದರು. “ಮುಹೂರ್ತ ಎಲ್ಲಿ ಬರೆದದ್ದು?”

ಕೆಳಗೆ ಸಣ್ಣ ಮೊಳೆಯಲ್ಲಿದ್ದ ಸಾಲನ್ನು ಯಜಮಾನರು ತೋರಿಸಿದರು.

“ಇರುವೆ ಸಾಲಿನ ಹಾಗೆ ಉಂಟಲ್ಲ. ಮುಖ್ಯ ಅದೇ ಅಲ್ಲವೋ? ಅದನ್ನೂ ಬಳ್ಳಿಯಲ್ಲೇ ಮಾಡಿಸಿ.”

ಮದುವೆಗೆಂದು ಹೊಂದಿಸಿದ್ದ ಅಷ್ಟೂ ಕಾಗದ ಆಗಲೇ ಅಚ್ಚಾಗಿ ಕುಮಟೆಯಲ್ಲಿ ಒಣಗುತ್ತಿತ್ತು. ಮತ್ತೆ ಕಾಗದ ಸಿಗುವ ಮಾತೇ ಇರಲಿಲ್ಲ. ಅದು ಯಜಮಾನರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

“ಆತು ಅಮ್ಮಾ,” ಎಂದರು ಯಜಮಾನರು, ಲೋಕದಲ್ಲಿ ಕಾಗದಕ್ಕೆ ಬರವೆಂಬುದೇ ಗೊತ್ತಿಲ್ಲದವರ ಹಾಗೆ.