ರೇಣುಕಾಳ ಅವ್ವನ ಮಾತು, ನನ್ನ ಚಾರ್ಟು

ಆ ಚಾರ್ಟು ನನ್ನದಲ್ಲ. ಒಂಬತ್ತು ವರ್ಷದಿಂದ ಬಳ್ಳಾರಿಯ ಇಂಗ್ಲಿಷ್ ಮೇಷ್ಟ್ರುಗಳ ಮೊಬೈಲಿನಲ್ಲಿ ನನ್ನ ಹೆಸರು ಹೊತ್ತು ತಿರುಗುತ್ತಿರುವ ಅದನ್ನು ನಾನು ಕದ್ದೆ — ಸಿರುಗುಪ್ಪದ ನನ್ನ ಶಾಲೆಯಲ್ಲಿ ಹತ್ತನೆಯ ತರಗತಿ ಓದುತ್ತಿದ್ದ ಹಚ್ಚೊಳ್ಳಿಯ ರೇಣುಕಾಳ ನೋಟ್‌ಬುಕ್ಕಿನಿಂದ.

ಕನ್ನಡವನ್ನು ಅಜ್ಜಿಯ ಬಾಯಿಂದ ಕಲಿತವನು ನಾನು; ಇಂಗ್ಲಿಷನ್ನು ಗೈಡಿನಿಂದ. ಈ ಹಾಳು ಭಾಷೆಯೋ — ಒಂದು 'ಥಿಂಕ್' ಇಟ್ಟುಕೊಂಡು ಅದರ ಬಾಲಕ್ಕೆ ಆಫ್, ಅಬೌಟ್, ಓವರ್ ಎಂದು ಕಟ್ಟುತ್ತ ಹೋಗುತ್ತದೆ, ಕಟ್ಟಿದಂತೆಲ್ಲ ಅರ್ಥ ಬೇರೆ!

"ಮೂರಕ್ಕೂ ವಿಚಾರ ಮಾಡೋದು ಅಂತ ಬರ್ಸೀರಲ್ರಿ ಸರ್, ಮತ್ತ ಅವ್ರಿಗೆ ಮೂರ್ಯಾಕ ಬೇಕಿತ್ತು?" ಎಂದು ರೇಣುಕಾ ಕೇಳಿದಳು. ನನಗೆ ಗೊತ್ತಿರಲಿಲ್ಲ.

"ಇಂಗ್ಲಿಷ್ನೋರು ಬಂದಾಗ ಅವ್ರನ್ನ ಕೇಳವಾ" ಎಂದೆ. ತರಗತಿ ನಕ್ಕಿತು.

ಅವಳು ಬಿಡಲಿಲ್ಲ. ಮುಂದಿನ ವಾರ ತಿದ್ದಲು ಮನೆಗೆ ತಂದ ಅವಳ ಪುಸ್ತಕದ ಕೊನೆಯ ಪುಟ — ನಿಘಂಟು ತಡಕಾಡಿ, ಅಕ್ಕನ ಮದುವೆ ಸಂಬಂಧದ ಕುರಿತು ಅವ್ವ ಆಡಿದ ಮಾತುಗಳನ್ನೇ ಜೋಡಿಸಿದ್ದಳು. 'ಗಂಡು ಅಂದ ಕೂಡ್ಲೆ ಸ್ವಾದರತ್ತಿ ಮಗ ನೆನಪಿಗೆ ಬಂದ' — ಥಿಂಕ್ ಆಫ್. 'ಮೂರು ದಿನ ಆತು, ಅದೇ ತಲಿಯಾಗ ತಿರಗಾಕ ಹತ್ತೈತಿ' — ಥಿಂಕ್ ಅಬೌಟ್. 'ಹಿರೇರ ಕೂಡ ಕುಂತು ತೂಗಿ ನೋಡಿ ಹೇಳ್ತೀವಿ' — ಥಿಂಕ್ ಓವರ್.

ಮರುದಿನ ಬಳ್ಳಾರಿಯಲ್ಲಿ ತರಬೇತಿ. ಪ್ರತಿ ಮೇಷ್ಟ್ರೂ ಸ್ವಂತದ್ದೊಂದು ಚಾರ್ಟು ಒಯ್ಯಬೇಕು. ನನ್ನ ಹಾಳೆ ಖಾಲಿ. ಅವಳ ಪುಟವನ್ನು ಅಕ್ಷರ ಬಿಡದೆ ಇಳಿಸಿಕೊಂಡೆ. ಚಪ್ಪಾಳೆ ಬಿತ್ತು — ಸುಮ್ಮನೆ ತೆಗೆದುಕೊಂಡೆ. ಅವಳು ಪುಸ್ತಕ ಕೇಳಿದಾಗ, ಅದು ನನ್ನ ಮನೆಯಲ್ಲೇ ಇದ್ದರೂ, "ಎಲ್ಲೋ ಕಳದೈತವಾ" ಎಂದೆ. ಪರೀಕ್ಷೆಗೆ ಹದಿನೈದೇ ದಿನ. ಇಡೀ ವರ್ಷದ ನೋಟ್ಸನ್ನು ಗೆಳತಿಯರಿಂದ ಬೇಡಿ ಮತ್ತೆ ಬರೆದುಕೊಂಡಳು. ನಾನು ನೋಡುತ್ತ ನಿಂತಿದ್ದೆ...

ಈಗ ಅವಳು ಕುರುಗೋಡಿನಲ್ಲಿ ಟೀಚರ್. ಹೋದ ಸೋಮವಾರ ಫೋನ್ ಮಾಡಿದಳು.

"ಸರ್, ನಿಮ್ ಚಾರ್ಟ್ ಯಾರೋ ಕಳಿಸಿದ್ರು, ನೋಡಿದ್ನಿರಿ. ನಮ್ಮವ್ವನ ಮಾತು ಅದರಾಗ ಹೆಂಗ ಬಂತ್ರಿ?"

ಸಿಟ್ಟಿಲ್ಲ, ಕೊಂಕಿಲ್ಲ. ಇವರಿಗೆ ಉತ್ತರ ಗೊತ್ತಿದ್ದೀತು ಎಂದು ನಂಬಿ ಕೇಳುವ ಅದೇ ದನಿ. ನಾನೋ — ಥೂ! — "ಸಿಗ್ನಲ್ ಇಲ್ಲ ನೋಡವಾ" ಎಂದು ಫೋನ್ ಕಡಿದುಬಿಟ್ಟೆ. ಸಿಗ್ನಲ್ ಚೆನ್ನಾಗಿ ಸಿಗುವ ಮಾಳಿಗೆಯ ಮೇಲೆ ನಿಂತುಕೊಂಡು! ಇಷ್ಟು ವಯಸ್ಸಾಗಿ, ಇಷ್ಟು ಮಕ್ಕಳಿಗೆ ಸುಳ್ಳು ಹೇಳಬೇಡಿರೆಂದು ಬೆತ್ತ ತೋರಿಸಿ...

ಇಂದು ಬೆಳಿಗ್ಗೆ ಮೇಷ್ಟ್ರುಗಳ ಗುಂಪಿಗೆ ಬರೆದು ಹಾಕಿದೆ: ಚಾರ್ಟು ರೇಣುಕಾಳದು, ಕದ್ದವನು ನಾನು. ಈಗ ಕುರುಗೋಡಿಗೆ ಹೊರಟಿದ್ದೇನೆ. ಅವಳ ಅವ್ವ ಅವಳ ಜೊತೆಗೇ ಇದ್ದಾರಂತೆ. ಇಬ್ಬರ ಮುಂದೆಯೂ ಹೇಳಬೇಕು. ಯಾಕೆ ಮಾಡಿದಿರಿ ಎಂದು ಕೇಳಿದರೆ, ನನ್ನ ಹಾಳೆ ಖಾಲಿ ಇತ್ತು ಎನ್ನುತ್ತೇನೆ, ಅಷ್ಟೇ.