ನೀರು ಕಾಯುವ ಕೆಲಸ

ನಳ ಕೂಡಿಸುವುದರಲ್ಲಿ ನನ್ನನ್ನು ಮೀರಿಸುವವರು ಹುಬ್ಬಳ್ಳಿ-ಧಾರವಾಡದಲ್ಲಿ ಇಲ್ಲ. ಬೇಕಾದರೆ ನಮ್ಮ ಹೆಬ್ಬಳ್ಳಿಗೆ ಬಂದು ಕೇಳಿ. ಅಂಥ ನನ್ನನ್ನು ಹುಬ್ಬಳ್ಳಿ ಕಮರಿಪೇಟೆಯ ಅಜ್ಜಿಯೊಬ್ಬರು ನಂಬಲೇ ಇಲ್ಲ.

ಅವರು ಸೊಸೆಯಾಗಿ ಬಂದಾಗ ಓಣಿಗೆಲ್ಲ ಒಂದೇ ಬಾವಿಯಿತ್ತಂತೆ. ಬಾವಿ ಮುಚ್ಚಿ ಬೀದಿ ನಳ ಬಂತು, ಆಮೇಲೆ ವಾರಕ್ಕೊಮ್ಮೆ ನೀರು ಬಿಡುವ ಮನೆ ನಳ. ಈಗ ದಿನವಿಡೀ ನೀರು ಬರುವ ಹೊಸ ನಳ ಕೂಡಿಸಿದವನು ನಾನು.

"ಗುರುವಾರ ಧಾರವಾಡದಾಗ ತಂಗಿ ಮೊಮ್ಮಗಳ ನಿಶ್ಚಯ ಐತಿ. ನೀರು ಯಾವತ್ತು ಬರ್ತಾವ ಹೇಳಪಾ," ಅಂದರು. ನೀರು ಬಿಡುವ ದಿನವೇ ಬಂದವೆಂದು ತಂಗಿ ಮನೆಯ ಯಾವ ಮದುವೆಗೂ ಅವರು ಹೋಗಿರಲಿಲ್ಲ. ಇದಕ್ಕೂ ಹೋಗದಿದ್ದರೆ ತಂಗಿ ಮಾತು ಬಿಡುತ್ತಾಳಂತೆ.

"ಯಾವಾಗ ಬೇಕಂದ್ರ ಆವಾಗ ಬರ್ತಾವ್ರಿ ಅಜ್ಜಿ."

"ಅಂದ್ರ ನಿನಗೂ ಗೊತ್ತಿಲ್ಲ ಅನ್ನು."

ರೋಷದಿಂದ ನಳ ತಿರುವಿದೆ. ನೀರು ಧೋ ಎಂದು ಸುರಿಯಿತು. ಅಜ್ಜಿ "ನೀರು ಬಂದ್ವು!" ಎಂದು ಓಣಿಗೆಲ್ಲ ಕೂಗಿ, ಮೊನ್ನೆ ತುಂಬಿಟ್ಟ ಕೊಡಗಳನ್ನು ಗಟಾರಕ್ಕೆ ಸುರಿದು ಮತ್ತೆ ತುಂಬತೊಡಗಿದರು.

"ಅದ್ಯಾಕ ಚೆಲ್ತೀರಿ?"

"ಹೊಸಾ ನೀರು ಬಂದ ಮ್ಯಾಲ ಹಳೇವು ಯಾರು ಕುಡೀತಾರೋ?"

ಸಾಕಾಗಿ ಎದೆ ತಟ್ಟಿಕೊಂಡೆ: "ನೀವು ಹೋಗಿ ಬರ್ರಿ, ನೀರಿಗೆ ನಾ ಜವಾಬ್ದಾರಿ."

ಅವರು ಆ ಮಾತನ್ನು ಗಟ್ಟಿಯಾಗಿ ಹಿಡಿದರು. ಗುರುವಾರ ಬೆಳಿಗ್ಗೆ ನಳದ ಮುಂದೆ ನನಗೊಂದು ಮಣೆ ಹಾಕಿ, ಮನೆ ಚಾವಿ ಕೈಗಿಟ್ಟು ಬಸ್ ಹತ್ತಿದರು.

ಸಂಜೆ ಪೇಡೆ ಕೊಡುತ್ತ ಕೇಳಿದರು: "ನೀರು ಬಂದಿದ್ವೇನೋ?"

"ದಿನಾಪೂರ್ತಿ ಬಂದ್ವರಿ."

"ನೋಡು, ನೀ ಕುಂತಿದ್ದಕ್ಕ ಬಂದ್ವು. ಲಗ್ನಕ್ಕ ಎರಡು ದಿನ ಬಂದು ಕುಂದ್ರಪಾ."

ಒಪ್ಪಿಕೊಂಡೆ. ಬರೀ ಕುಂತು ನೀರು ತರಿಸುವ ಇನ್ನೊಬ್ಬ ಗಂಡಸನ್ನು ಪಾಪ, ಆ ಅಜ್ಜಿ ಎಲ್ಲಿಂದ ಹುಡುಕಬೇಕು?